ನಲ್ಲೂರಿನ ಹುಣಸೆಯ ತೋಪು

ಕಾಡು ನೋಡಬೇಕೆಂಬ ಮನಸ್ಸಾದರೆ ನಮಗೆ ಒಡನೆ ನೆನಪಾಗುವುದು ಮಲೆನಾಡು. ಇಲ್ಲವೆ ಆನೆ ಹುಲಿಗಳಿರುವ ಬಂಡೀಪುರ. ರಜ ಹಾಕಬೇಕು, ದಾರಿಖರ್ಚು ಹೊಂದಿಸಬೇಕು, ಮಳೆಯಿರುವುದೇ ಇಲ್ಲವೇ ವಿಚಾರಿಸಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಹೋಗುವ ಉತ್ಸಾಹವೇ ಇಳಿದುಹೋಗುವುದುಂಟು. ಬೆಂಗಳೂರಿನವರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿ, ರಾಗಿಯ ಹೊಲಗಳ ನಡುವೆ, ಒಂದು ತೋಪಿದೆ. ಅಲ್ಲಿ ಹುಲಿಯಿಲ್ಲ, ಜಲಪಾತವಿಲ್ಲ. ಇರುವುದು ಹುಣಸೆಯ ಮರ. ನಿಮ್ಮ ಅಡಿಗೆಮನೆಯ ಜಾಡಿಯಲ್ಲಿ ಉಪ್ಪು ಹಾಕಿ ತುಂಬಿಟ್ಟಿರುವ ಅದೇ ಹುಣಸೆ. ಅದನ್ನು ನೋಡಲು ಊರು ಬಿಟ್ಟು ಹೋಗಬೇಕೆ ಎಂದು ನೀವು ಕೇಳಬಹುದು. ಹೋಗಬೇಕೆಂಬುದೇ ನನ್ನ ವಾದ.

ದೇವನಹಳ್ಳಿಯನ್ನು ನೀವು ಬಲ್ಲಿರಿ. ಟೀಪು ಸುಲ್ತಾನ್ ಹುಟ್ಟಿದ ಊರು, ಕೋಟೆಯ ಊರು, ಚಕ್ಕೋತದ ಊರು. ಅಲ್ಲಿಂದ ಸೂಲಿಬೆಲೆಯ ಕಡೆಗೆ ಪೂರ್ವಾಭಿಮುಖವಾಗಿ ಹೋದರೆ ಸುಮಾರು ಹತ್ತು ಕಿಲೊಮೀಟರಿನ ಆಸುಪಾಸಿನಲ್ಲಿ ನಲ್ಲೂರು ಸಿಗುತ್ತದೆ. ಆ ಸೀಮೆಯದು ಅಬ್ಬರವಿಲ್ಲದ ಚೆಲುವು. ಕೆಂಪು ಮಣ್ಣು, ಅಲ್ಲಲ್ಲಿ ನೀಲಗಿರಿಯ ನೆಡುತೋಪು, ದ್ರಾಕ್ಷಿಯ ಚಪ್ಪರ, ರೇಷ್ಮೆಗೆಂದು ಬೆಳೆದ ಹಿಪ್ಪುನೇರಳೆ, ಮಳೆ ಬಂದ ವರ್ಷ ತುಂಬಿ ಬಾರದ ವರ್ಷ ಬಿರಿಯುವ ಕೆರೆ. ಆಕಾಶ ತಿಳಿಯಾಗಿದ್ದರೆ ವಾಯವ್ಯದಲ್ಲಿ ನಂದಿಬೆಟ್ಟದ ಸಾಲು ಕಾಣುತ್ತದೆ. ಆ ಬೆಟ್ಟಗಳಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಈ ಸೀಮೆಯಲ್ಲೇ ಹಾದುಹೋಗುತ್ತದೆ. ವರ್ಷದ ಬಹುಪಾಲು ದಿನ ಅದು ಹೊಳೆಯೆಂದು ಯಾರಾದರೂ ಹೇಳಿದರೆ ಮಾತ್ರ ತಿಳಿಯಬೇಕು!

ತೋಪಿನ ವಿಸ್ತಾರ 54 ಎಕರೆ. ಮರಗಳು ಹೆಚ್ಚುಕಡಿಮೆ 300. ಎಂದರೆ ಎಕರೆಗೆ ಐದಾರು ಮರದ ಲೆಕ್ಕವಾಯಿತು. ಆದ್ದರಿಂದ ಕಗ್ಗಾಡನ್ನು ನಿರೀಕ್ಷಿಸಿ ಹೋಗಬೇಡಿ. ಒಂದು ಮರಕ್ಕೂ ಇನ್ನೊಂದು ಮರಕ್ಕೂ ನಡುವೆ ಬಿಸಿಲು ಬೀಳುತ್ತದೆ, ಹುಲ್ಲು ಬೆಳೆಯುತ್ತದೆ. ನಡುವೆ ಹಾಳುಬಿದ್ದ ಚೆನ್ನಕೇಶವ ದೇವಾಲಯದ ಕಲ್ಲುಗಳುಂಟು. ತೋಪು ಚೋಳರ ಕಾಲದ್ದೆಂದು ಊರವರ ನಂಬಿಕೆ. ಅಲ್ಲಿನ ಒಂದು ಮರದ ವಯಸ್ಸು ನಾನ್ನೂರು ವರ್ಷಕ್ಕೂ ಮೇಲೆಂದು ಇಂಗಾಲದ ಪರೀಕ್ಷೆಯಿಂದ ಗೊತ್ತುಮಾಡಿದ್ದಾರೆ. ಹಳೆಯ ಹುಣಸೆಯ ವಯಸ್ಸು ಹೇಳುವುದು ಸುಲಭದ ಕೆಲಸವಲ್ಲ. ಮುಪ್ಪು ಬಂದಂತೆ ಅದರ ತಿರುಳು ಕೊಳೆತು ಒಡಲು ಪೊಳ್ಳಾಗುತ್ತದೆ, ಎಲ್ಲಕ್ಕಿಂತ ಹಳೆಯ ಮರವೇ ಇಲ್ಲದಂತಾಗುತ್ತದೆ. ಆದರೂ ಅದರ ಹೊರಗಿನ ತೊಗಟೆ ಜೀವ ಹಿಡಿದುಕೊಂಡು ವರ್ಷವರ್ಷವೂ ಕಾಯಿ ಬಿಡುತ್ತದೆ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆಯನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಇಂಥ ಪೊಳ್ಳು ಮರದ ಬುಡದಲ್ಲಿ ನಿಂತು ತಲೆಯೆತ್ತಬೇಕು.

ಮರಗಳನ್ನು ಒಟ್ಟಾಗಿ ನೋಡಿ ಹಿಂದಿರುಗಬೇಡಿ. ಒಂದೊಂದನ್ನೂ ಬೇರೆ ಬೇರೆ ನೋಡಿ. ಒಂದರ ಬೊಡ್ಡೆ ಹಗ್ಗ ಹೊಸೆದಂತೆ ತಿರುಚಿರುತ್ತದೆ. ಇನ್ನೊಂದರದು ಗಂಟುಗಂಟಾಗಿ ಊದಿಕೊಂಡಿರುತ್ತದೆ. ಗಾಳಿಗೆ ಉರುಳಿದ ಹುಣಸೆ, ಬೇರು ಪೂರ್ತಿ ನೆಲ ಬಿಡದಿದ್ದರೆ, ಮಲಗಿದ ಕಾಂಡದಿಂದಲೇ ಮತ್ತೆ ಚಿಗುರುವುದುಂಟು. ಪೊಟರೆಗಳಲ್ಲಿ ಗಿಳಿ, ಹಾಲಕ್ಕಿ ಮನೆ ಮಾಡುತ್ತವೆ. ಕಾಯಿಯ ಕಾಲವಾದರೆ ಕೆಳಗೆ ಬಿದ್ದುದನ್ನು ಆರಿಸಿ ಹೋಲಿಸಿ ನೋಡಿ: ಒಂದು ಮರದ್ದು ನೆಟ್ಟಗೆ, ಒಂದು ಮರದ್ದು ಕುಡುಗೋಲಿನಂತೆ ಬಾಗಿದ್ದು, ಒಂದರಲ್ಲಿ ತಿರುಳು ಹೆಚ್ಚು, ಒಂದರಲ್ಲಿ ಬೀಜವೇ ಹೆಚ್ಚು. ಇದಕ್ಕೆ ಕಾರಣವುಂಟು. ಬೀಜದಿಂದ ಹುಟ್ಟಿದ ಹುಣಸೆ ತಾಯಿಯಂತೆಯೇ ಆಗಬೇಕೆಂದಿಲ್ಲ. ದುಂಬಿ ಜೇನುಗಳು ಯಾವ ಮರದ ಪರಾಗವನ್ನು ತಂದವೋ ಆ ಮರದ ಗುಣವೂ ಬೆರೆಯುತ್ತದೆ. ಕಸಿ ಕಟ್ಟಿ ಬೆಳೆಸಿದ ತೋಟದಲ್ಲಿ ನೂರು ಮರವಿದ್ದರೂ ಅವೆಲ್ಲ ಒಂದೇ ಮರದ ನೂರು ಪ್ರತಿಗಳು. ಇಲ್ಲಿ ಹಾಗಲ್ಲ. ನಾಳೆ ಯಾವುದೋ ರೋಗವೋ ಬರವೋ ಬಂದಾಗ ತಡೆದುಕೊಳ್ಳುವ ಗುಣ ಯಾವ ಮರದಲ್ಲಿ ಅಡಗಿದೆಯೋ ಬಲ್ಲವರಾರು? ಇಂಥ ತೋಪಿನ ಬೆಲೆಯಿರುವುದು ಇದರಲ್ಲಿ, ಬರಿಯ ಹಳಮೆಯಲ್ಲಲ್ಲ.

ಇದನ್ನು ಮನಗಂಡೇ 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2002ರ ಜೀವವೈವಿಧ್ಯ ಕಾಯಿದೆಯ 37ನೆಯ ವಿಧಿಯಂತೆ ಆ ಮನ್ನಣೆ ಪಡೆದ ಸ್ಥಳಗಳಲ್ಲಿ ದೇಶಕ್ಕೆಲ್ಲ ಇದೇ ಮೊದಲನೆಯದು. ಪಶ್ಚಿಮಘಟ್ಟದ ಯಾವ ಮಹಾರಣ್ಯಕ್ಕೂ ಮೊದಲು ಬಯಲುಸೀಮೆಯ ಒಂದು ಹುಣಸೆಯ ತೋಪಿಗೆ ಈ ಗೌರವ ಸಂದಿತೆಂಬುದು ನನಗಂತೂ ಬಲು ಸಂತೋಷದ ಸಂಗತಿ.

ಹುಣಸೆ ನಮ್ಮದೇ ಎಂದು ನಾವು ತಿಳಿದಿದ್ದೇವೆ. ಸಸ್ಯಶಾಸ್ತ್ರಜ್ಞರು ಅದರ ತವರು ಆಫ್ರಿಕವೆನ್ನುತ್ತಾರೆ. ಆದರೆ ಅದು ಇಲ್ಲಿಗೆ ಬಂದು ನೆಲೆಸಿದ್ದು ಎಷ್ಟು ಹಿಂದೆಯೆಂದರೆ, ಅರಬರು ಅದನ್ನು 'ತಮರ್ ಹಿಂದಿ', ಎಂದರೆ ಹಿಂದೂಸ್ಥಾನದ ಖರ್ಜೂರ, ಎಂದೇ ಕರೆದರು. ಇಂಗ್ಲಿಷಿನವರ ಟ್ಯಾಮರಿಂಡ್ ಅದರಿಂದಲೇ ಬಂದದ್ದು. ಇಷ್ಟು ಹಳೆಯ ನೆಂಟನನ್ನು ಹೊರಗಿನವನೆಂದರೆ ಸಾರು ಮಾಡುವ ಮನೆಯವರು ಒಪ್ಪುವರೆ? ಚಿಗುರಿನಿಂದ ಮೊದಲುಗೊಂಡು ಮರದ ಯಾವ ಭಾಗವನ್ನೂ ನಮ್ಮವರು ಬಿಟ್ಟಿಲ್ಲ. ಚಿಗುರು ಸಾರಿಗೆ, ಗಟ್ಟಿ ಮರ ಗಾಣಕ್ಕೆ, ಬೀಜದ ಗಂಜಿ ಕಂಬಳಿ ನೇಯುವವರ ಹುರಿಗೆ. ಬೀಜವನ್ನು ಒಂದು ಮೈ ತೇಯ್ದು ಚೌಕಾಬಾರ ಆಡಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಇಷ್ಟೆಲ್ಲ ಉಪಕಾರ ಮಾಡಿದ ಮರದ ಮೇಲೆ ದೆವ್ವ ವಾಸಿಸುತ್ತದೆಂಬ ಅಪವಾದ ಬೇರೆ! ಒಂದೊಂದು ವೇಳೆ ಅನ್ನಿಸುತ್ತದೆ, ಆ ಭಯವೇ ಎಷ್ಟೋ ಮರಗಳನ್ನು ಕೊಡಲಿಯಿಂದ ಕಾಪಾಡಿದ್ದರೂ ಕಾಪಾಡಿರಬಹುದೆಂದು.

ಯಾವಾಗ ಹೋಗಬೇಕು? ಹೂವು ನೋಡುವವರು ಮೊದಲ ಮಳೆಗಳ ಕಾಲಕ್ಕೆ, ಮೇ ಜೂನ್ ತಿಂಗಳಲ್ಲಿ ಹೋಗಬೇಕು. ಹುಣಸೆಯ ಹೂವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಎಳೆ ಹಳದಿಯ ಎಸಳು, ಅದರ ಮೇಲೆ ಕೆಂಪು ಗೆರೆ. ಹಣ್ಣು ಬಡಿಯುವುದು ಫೆಬ್ರವರಿ ಮಾರ್ಚಿಯಲ್ಲಿ. ನಡುವೆ ನವೆಂಬರು ಡಿಸೆಂಬರಿನಲ್ಲಿ ಹೋದರೆ ಸುತ್ತಲ ಹೊಲಗಳಲ್ಲಿ ರಾಗಿಯ ಕುಯ್ಲು, ಅವರೆಯ ಸೊಗಡು. ನನ್ನ ಮತ ಆ ಕಾಲಕ್ಕೇ. ಯಾವಾಗ ಹೋದರೂ ಸಂಜೆಯವರೆಗೆ ಕಾದಿರಿ. 10ರಿಂದ 18 ಜೊತೆ ಸಣ್ಣ ಎಲೆಗಳಿರುವ ಒಂದೊಂದು ಗರಿಯೂ ಕತ್ತಲಾಗುತ್ತ ಬಂದಂತೆ ಮೆಲ್ಲಗೆ ಮಡಿಸಿಕೊಳ್ಳುತ್ತದೆ. ಹಗಲೆಲ್ಲ ತುಂಬಿದಂತಿದ್ದ ಮರ ತೆಳುವಾಗಿ, ಕೊಂಬೆಗಳ ನಡುವೆ ಆಕಾಶ ಕಾಣುತ್ತದೆ.

ಆ ಆಕಾಶದಲ್ಲಿ ವಿಮಾನಗಳೂ ಕಾಣುತ್ತವೆ. ತೋಪಿಗೆ ಮನ್ನಣೆ ಬಂದ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಅಂದಿನಿಂದ ಈ ಸೀಮೆಯ ನೆಲಕ್ಕೆ ರಾಗಿಯ ಬೆಲೆಯಲ್ಲದ ಬೇರೊಂದು ಬೆಲೆ ಬಂದಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳುವ ಯತ್ನ ನಡೆದಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚುಕಾಲ ಧರಣಿ ಕೂತರು. 2025ರ ಜುಲೈಯಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆ ಹಳ್ಳಿಗಳ ಪಟ್ಟಿಯಲ್ಲಿ ನಲ್ಲೂರಿನ ಹೆಸರೂ ಇತ್ತು. ತೋಪಿಗೆ ಕಾಯಿದೆಯ ಕಾವಲಿದೆ, ನಿಜ. ಆದರೆ ಸುತ್ತಲ ಹೊಲ, ಕೆರೆ, ಬೇಲಿಯ ಸಾಲು ಹೋಗಿ ಕಟ್ಟಡಗಳು ನಿಂತರೆ ಆ ತೋಪು ಜೇನಿಗೂ ಹಕ್ಕಿಗೂ ಒಂದು ನಡುಗಡ್ಡೆಯಾಗಿಬಿಡುತ್ತದೆ.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಪಾರಂಪರಿಕ ತಾಣವೆಂದಮಾತ್ರಕ್ಕೆ ಊರವರ ರೂಢಿಗಳನ್ನು ತಡೆಯಬಾರದೆಂಬುದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಸೂಚನೆ. ಊರವರು ತಾವಾಗಿ ಒಪ್ಪಿ ಮಾಡಿಕೊಂಡ ಕಟ್ಟುಪಾಡು ಮಾತ್ರ ಸಲ್ಲುತ್ತದೆ. ಇದು ನ್ಯಾಯವಾದದ್ದೇ. ಈ ಮರಗಳನ್ನು ಇಷ್ಟು ಕಾಲ ಉಳಿಸಿದವರು ಅವರಲ್ಲದೆ ಮತ್ತಾರು? ಆದರೆ ಆಡಿಗೆ ಹುಣಸೆಯ ಎಳೆಸೊಪ್ಪೆಂದರೆ ಬಲು ಪ್ರೀತಿ. ಬೀಜ ಬಿದ್ದು ಮೊಳೆತ ಸಸಿ ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಯಾರಾದರೂ ನಾಲ್ಕು ಮುಳ್ಳುಕಂಟಿಯನ್ನು ಅದರ ಸುತ್ತ ಒಡ್ಡದಿದ್ದರೆ, ಮುದಿಮರಗಳು ಒಂದೊಂದಾಗಿ ಉರುಳುವಾಗ ಜಾಗ ತುಂಬುವವು ಯಾವುವು?

ನೀವು ಹೋದಾಗ ದೊಡ್ಡ ಮರಗಳ ಚಿತ್ರವನ್ನು ಹೇಗೂ ತೆಗೆಯುತ್ತೀರಿ, ತೆಗೆಯಿರಿ. ಅದರ ಜೊತೆಗೆ ಮೊಣಕಾಲೆತ್ತರದ, ತೋಳುಗಾತ್ರದ ಗಿಡಗಳೆಷ್ಟಿವೆಯೆಂದು ಎಣಿಸಿಕೊಂಡು ಬನ್ನಿ. ದಾರಿಯಲ್ಲಿ ಸಿಕ್ಕಿದ ಊರಿನ ಹಿರಿಯರಿಗೆ ಆ ಲೆಕ್ಕ ಹೇಳಿ. ಅವರು ಚಿಕ್ಕವರಿದ್ದಾಗ ಎಷ್ಟಿದ್ದವೆಂದು ಕೇಳಿ.