ಮಣೆ ಚಿಕ್ಕದಾಗಲಿ, ಕೀಲಿ ಬೇಡ

ಕನ್ನಡದಲ್ಲಿ ‘ಮಣೆ’ ಎಂಬುದು ಎರಡಕ್ಷರದ ಮಾತು; ಅದು ಹೊರುವ ಭಾರ ಮಾತ್ರ ದೊಡ್ಡದು. ಊಟಕ್ಕೆ ಕೂರುವುದು ಮಣೆಯ ಮೇಲೆ. ಮದುವೆಗೆ ನಿಲ್ಲುವುದು ಹಸೆಮಣೆಯ ಮೇಲೆ. ತರಕಾರಿ ಹೆಚ್ಚುವುದು ಈಳಿಗೆಮಣೆಯಲ್ಲಿ. ಮಳೆಗಾಲದ ಮಧ್ಯಾಹ್ನಗಳನ್ನು ಕಳೆಯುವುದು ಚೆನ್ನೆಮಣೆಯ ಮುಂದೆ. ಇವುಗಳಲ್ಲಿ ಯಾವುದೂ ವರ್ಷಕ್ಕೊಮ್ಮೆ ಬದಲಾಯಿಸುವ ವಸ್ತುವಲ್ಲ. ಅಜ್ಜಿಯ ಈಳಿಗೆಮಣೆ ಮೊಮ್ಮಗಳ ಅಡುಗೆಮನೆಗೆ ಬರುತ್ತದೆ. ಅಲಗು ಸವೆದರೆ ಸಾಣೆ ಹಿಡಿಸುತ್ತಾರೆ, ಮಣೆಯನ್ನು ಎಸೆಯುವುದಿಲ್ಲ. ಕಂಪ್ಯೂಟರಿಗೆ ಅಕ್ಷರ ಉಣಿಸುವ ಹಲಗೆಯನ್ನು ಕನ್ನಡಿಗರು ‘ಕೀಲಿಮಣೆ’ ಎಂದು ಕರೆದದ್ದು ಆದುದರಿಂದ ಬಹಳ ಉಚಿತವಾಯಿತು. ಹೆಸರೇ ಅದರಿಂದ ನಾವು ಏನನ್ನು ಬಯಸಬೇಕೆಂಬುದನ್ನು ಹೇಳಿಬಿಟ್ಟಿದೆ: ಕೈಗೆ ಒಗ್ಗಬೇಕು, ಮನೆಯಲ್ಲಿ ಹೆಚ್ಚು ಜಾಗ ಹಿಡಿಯಬಾರದು, ಬಹುಕಾಲ ಬಾಳಬೇಕು.

ಸಣ್ಣ ಮೇಜಿನ ಮೇಲೆ ಇಡುವುದಕ್ಕೆ ಎಂತಹ ಕೀಲಿಮಣೆಯನ್ನು ಆರಿಸಬೇಕು ಎಂಬುದು ಸಾಹಿತ್ಯದ ಶ್ರೋತೃಗಳಿಗೆ ತಕ್ಕ ವಿಷಯವೆ ಎಂದು ಕೆಲವರಿಗೆ ಅನ್ನಿಸಬಹುದು. ಹಿಂದಿನ ಲೇಖಕರು ಶಾಯಿಯ ಬಗೆಗೆ, ಲೇಖನಿಯ ಮೊನೆಯ ಬಗೆಗೆ, ಕಾಗದದ ನುಣುಪಿನ ಬಗೆಗೆ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಅದನ್ನು ಯಾರೂ ಅಸಾಹಿತ್ಯ ಎನ್ನಲಿಲ್ಲ. ಇಂದು ಬರೆಯುವ ಕೈಗೂ ಬರಹಕ್ಕೂ ನಡುವೆ ಇರುವುದು ಈ ಹಲಗೆ. ಅದರ ಗುಣದೋಷಗಳನ್ನು ವಿಚಾರಿಸುವುದು ತಪ್ಪಲ್ಲವೆಂದು ನಾನು ಭಾವಿಸಿದ್ದೇನೆ.

ನನ್ನ ವಾಸ ಶಿಕಾರಿಪುರದಲ್ಲಿ. ನನ್ನ ಅಕ್ಕನ ಮನೆ ಸೊರಬದಲ್ಲಿ. ನಡುವೆ ಶಿರಾಳಕೊಪ್ಪದ ದಾರಿ. ಅಕ್ಕನಿಗೆ ಎಪ್ಪತ್ತು ದಾಟಿದೆ. ನಮ್ಮ ತಾಯಿ ಹೇಳುತ್ತಿದ್ದ ಹಸೆಯ ಹಾಡು, ಬೀಸುವ ಹಾಡು, ತೊಟ್ಟಿಲ ಹಾಡುಗಳನ್ನು ನೆನಪಿನಿಂದ ಬರೆದಿಡುವ ಕೆಲಸವನ್ನು ಆಕೆ ಹಮ್ಮಿಕೊಂಡಿದ್ದಾಳೆ. ಲೇಖನಿ ಹಿಡಿದರೆ ಬೆರಳ ಗಂಟುಗಳು ನೋಯುತ್ತವೆ. ಬೇರೆಯವರಿಂದ ಬೆರಳಚ್ಚು ಮಾಡಿಸೋಣವೆಂದರೆ, ಹಾಡಿನ ಮಾತು ಪುಸ್ತಕದ ಮಾತಾಗಿ ತಿದ್ದಿಸಿಕೊಂಡು ಹಿಂದಿರುಗುತ್ತದೆ. ‘ಬಂದಾಳೊ’ ಎಂಬುದು ‘ಬಂದಳು’ ಆದರೆ ಹಾಡಿನ ಉಸಿರೇ ಹೋಯಿತು. ಆ ಹಾಡುಗಳನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಕುಟುಂಬದಲ್ಲಿ ಈಗ ಆಕೆಯೊಬ್ಬಳೆ. ಆದ್ದರಿಂದ ತಾನೇ ಅಕ್ಷರ ಮೂಡಿಸಬೇಕೆಂದು ಅಕ್ಕ ನಿಶ್ಚಯಿಸಿದಳು. ಆಕೆಯ ಮೇಜೆಂದರೆ ಹಳೆಯ ಹೊಲಿಗೆಯಂತ್ರದ ಹಲಗೆ: ಉದ್ದ ಎರಡಡಿ, ಅಗಲ ಒಂದೂಕಾಲಡಿ. ಆ ಹಲಗೆಗಾಗಿ ನಾನು ಶಿವಮೊಗ್ಗದ ಅಂಗಡಿಗಳನ್ನು ಸುತ್ತಿದಾಗ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಗಾತ್ರದ ಮಾತು. ಸಾಮಾನ್ಯವಾದ ಪೂರ್ಣ ಕೀಲಿಮಣೆಯಲ್ಲಿ 104 ಕೀಲಿಗಳು. ಅದರ ಉದ್ದ ಸುಮಾರು 44 ಸೆಂಟಿಮೀಟರ್. ಎರಡಡಿಯ ಹಲಗೆಯೆಂದರೆ 61 ಸೆಂಟಿಮೀಟರ್. ಉಳಿಯುವ 17ರಲ್ಲಿ ತೆರೆದ ನೋಟುಪುಸ್ತಕ ನಿಲ್ಲುವುದಿಲ್ಲ. ಬಲತುದಿಯಲ್ಲಿರುವ ಅಂಕಿಗಳ ಗುಂಪನ್ನು ತೆಗೆದುಬಿಟ್ಟರೆ ಉದ್ದ 36ಕ್ಕೆ ಇಳಿಯುತ್ತದೆ. ಉಳಿದವನ್ನು ಒತ್ತಾಗಿ ಜೋಡಿಸಿ, ಬಾಣದ ಗುರುತಿನ ಕೀಲಿಗಳನ್ನು ಮೂಲೆಗೆ ಸೇರಿಸಿದರೆ ಸುಮಾರು 84 ಕೀಲಿಗಳ, 32 ಸೆಂಟಿಮೀಟರಿನ ಮಣೆಯಾಗುತ್ತದೆ. ಬಾಣಗಳನ್ನೂ ಮೇಲಿನ ಸಾಲನ್ನೂ ಕಳೆದರೆ 61 ಕೀಲಿಗಳ, 30 ಸೆಂಟಿಮೀಟರಿಗಿಂತ ಕಿರಿದಾದ ಮಣೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರಿಗೆ ಅಂಕಿಗಳ ಗುಂಪು ಬೇಕೇ ಬೇಕು. ಹಾಡು ಬರೆಯುವವರಿಗೆ ಅದು ದಂಡದ ಜಾಗ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಿರಿದಾಗುವುದರಲ್ಲಿ ಎರಡು ಬಗೆ. ಕೀಲಿಗಳ ಸಂಖ್ಯೆಯನ್ನು ಇಳಿಸಿ ಕಿರಿದಾಗುವುದು ಒಂದು. ಕೀಲಿಗಳನ್ನೇ ಸಣ್ಣದು ಮಾಡಿ ಕಿರಿದಾಗುವುದು ಇನ್ನೊಂದು. ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19 ಮಿಲಿಮೀಟರ್ ಅಂತರವಿರುವುದು ಬಹುಕಾಲದಿಂದ ನಡೆದುಬಂದ ಅಳತೆ. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುವುದನ್ನು ನೀವು ನೋಡಿರಬಹುದು. ಉಳಿಯ ಮೊನೆ ಎಷ್ಟೇ ಸೂಕ್ಷ್ಮವಾಗಿರಲಿ, ಹಿಡಿ ಮಾತ್ರ ಕೈಗೆ ತಕ್ಕಷ್ಟು ದಪ್ಪ. ಮೊನೆ ಕಿರಿದೆಂದು ಹಿಡಿಯನ್ನೂ ಕಡ್ಡಿಯಂತೆ ಮಾಡಿದರೆ ಕೆತ್ತುವುದು ಹೇಗೆ? ಹಾಗೆಯೇ ಚಿಕ್ಕದಾಗಬೇಕಾದದ್ದು ಮಣೆ, ಕೀಲಿಯಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಳತೆಪಟ್ಟಿ ಇದ್ದರೆ ಒಳ್ಳೆಯದು.

ಯಾವ ಕೀಲಿಗಳನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರ ಇಂಗ್ಲಿಷ್ ಬರೆಯುವವರಿಗಾಗಿ ಇರುವ ಉತ್ತರ. ಕನ್ನಡ ಬರೆಯುವವರ ಕೈಯ ನಡೆ ಬೇರೆ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡ ಬೆರಳಚ್ಚು ಯಂತ್ರದ ಕೀಲಿವಿನ್ಯಾಸವನ್ನು ರೂಪಿಸಿದ ಕೆ. ಅನಂತಸುಬ್ಬರಾಯರ ಮುಂದೆ ಇದ್ದ ಕಷ್ಟ ಆಕಾರಗಳದ್ದು. ತಲೆಕಟ್ಟು, ಗುಣಿತ, ಒತ್ತು ಎಲ್ಲವನ್ನೂ ತುಂಡುತುಂಡಾಗಿ ಬಿಡಿಸಿ, ಕೆಲವೇ ಕೆಲವು ಕೀಲಿಗಳಲ್ಲಿ ಅಡಗಿಸಬೇಕಾಗಿತ್ತು. ಕಂಪ್ಯೂಟರು ಬಂದ ಮೇಲೆ ಆ ಕಷ್ಟ ತೊಲಗಿತು. ನಾವು ಧ್ವನಿಯನ್ನು ಒತ್ತಿದರೆ ಸಾಕು, ಆಕಾರವನ್ನು ಯಂತ್ರವೇ ಕಟ್ಟುತ್ತದೆ. ಈ ತತ್ತ್ವವನ್ನು ಹಿಡಿದು ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ನಾವೆಲ್ಲ ಕೆ. ಪಿ. ರಾವ್ ಎಂದು ಬಲ್ಲ ವಿದ್ವಾಂಸರು, ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ನಾಡಿನ ಕಚೇರಿಗಳಿಗೂ ಮನೆಗಳಿಗೂ ಹರಡಿತು. ‘ಕನ್ನಡ’ ಎಂದು ಬರೆಯಲು ಐದು ಹೊಡೆತ: ಕ, ನ, ಒತ್ತು, ನ, ಡ. ‘ಸೊರಬ’ಕ್ಕೆ ನಾಲ್ಕೇ ನಾಲ್ಕು. ‘ರಾಷ್ಟ್ರ’ಕ್ಕೆ ಏಳು, ಅದರಲ್ಲಿ ಎರಡು ಒತ್ತಿನವು.

ಹೀಗಿರುವುದರಿಂದ ಸಣ್ಣ ಕೀಲಿಮಣೆಗೆ ಕನ್ನಡದಷ್ಟು ಒಪ್ಪುವ ಭಾಷೆ ಇನ್ನೊಂದಿಲ್ಲವೆಂದು ಅಭಿಮಾನದಿಂದ ಹೇಳಬಹುದು. 26 ಕೀಲಿಗಳಲ್ಲಿ ಎಲ್ಲವೂ ಮುಗಿಯಿತು. ಆದರೆ ಆ ಮಿತವ್ಯಯಕ್ಕೆ ಬೆಲೆ ಉಂಟು. ಆ, ಈ ಮುಂತಾದ ದೀರ್ಘಗಳು, ಮಹಾಪ್ರಾಣಗಳು, ಣಕಾರ, ಳಕಾರ, ಶಕಾರ, ಅನುಸ್ವಾರ ಇವೆಲ್ಲಕ್ಕೂ ಶಿಫ್ಟ್ ಕೀಲಿಯ ನೆರವು ಬೇಕು. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಶಿಫ್ಟ್ ಒತ್ತಿದರೆ ಸಾಕಾದೀತು; ಕನ್ನಡದಲ್ಲಿ ಹೆಚ್ಚುಕಡಿಮೆ ಪದಕ್ಕೊಮ್ಮೆ ಬೇಕು. ಜಾಗ ಉಳಿಸಲೆಂದು ಕೆಲವು ಸಣ್ಣ ಮಣೆಗಳಲ್ಲಿ ಬಲಗಡೆಯ ಶಿಫ್ಟನ್ನು ಬೆರಳುಗುರಿನಷ್ಟು ಕಿರಿದು ಮಾಡಿರುತ್ತಾರೆ. ಅಂತಹದನ್ನು ಕನ್ನಡಿಗರು ದೂರವಿಡಬೇಕು.

ಒತ್ತಕ್ಷರ ಕೊಡುವ ಕೀಲಿ ‘ಎಫ್’. ಕತ್ತಲಲ್ಲಿಯೂ ಬೆರಳು ತನ್ನ ಸ್ಥಾನ ಕಂಡುಕೊಳ್ಳಲೆಂದು ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಸಣ್ಣದೊಂದು ಉಬ್ಬು ಇರುತ್ತದೆ. ಇಂಗ್ಲಿಷಿಗೆಂದು ಇಟ್ಟ ಉಬ್ಬು ನಮ್ಮ ಒತ್ತಿನ ಗುರುತಾಗಿ ಒದಗಿದ್ದು ಅದೃಷ್ಟವೇ ಸರಿ. ಅಕ್ಕ ಅದನ್ನು ಮೂರನೆಯ ದಿನವೇ ಕಂಡುಕೊಂಡು, “ತಮ್ಮಾ, ಒತ್ತಕ್ಷರ ಕಣ್ಣು ಮುಚ್ಚಿದ್ರೂ ಸಿಗ್ತದಲ್ಲೋ!” ಎಂದಳು. ಮಗ್ಗಿ ಒಪ್ಪಿಸಿದ ಹುಡುಗಿಯ ಸಂತೋಷ ಆ ಧ್ವನಿಯಲ್ಲಿತ್ತು. ಉಬ್ಬು ತೀರ ಸಪಾಟಾಗಿರುವ ಮಣೆಗಳೂ ಇವೆ; ಕೊಳ್ಳುವ ಮೊದಲು ಬೆರಳಾಡಿಸಿ ನೋಡುವುದು ಮೇಲು.

ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವನ್ನು ಕಲಿತವರ ಲೆಕ್ಕ ಬೇರೆ. ಅಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. 26 ಕೀಲಿಗಳು ಸಾಲದೆ, ಡಕಾರವು ಚೌಕ ಆವರಣದ ಕೀಲಿಯಲ್ಲಿ, ಚಕಾರವು ಅರ್ಧವಿರಾಮದ ಕೀಲಿಯಲ್ಲಿ, ಯಕಾರವು ಓರೆಗೆರೆಯ ಕೀಲಿಯಲ್ಲಿ ಕುಳಿತಿವೆ. 61 ಕೀಲಿಗಳ ಮಣೆಯಲ್ಲಿ ಇವು ಉಳಿದಿರುತ್ತವೆ. ಅದಕ್ಕೂ ಕಿರಿದಾದುದನ್ನು ಕೊಂಡರೆ ಡಕಾರವಿಲ್ಲದ ಕನ್ನಡವನ್ನು ಬರೆಯಬೇಕಾದೀತು.

ಇನ್ನು ಬಾಣದ ಕೀಲಿಗಳು. ಕನ್ನಡದಲ್ಲಿ ತಿದ್ದುವುದು ಬರೆಯುವಷ್ಟೇ ದೊಡ್ಡ ಕೆಲಸ. ‘ಷ್ಟ್ರ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಒಳಗೆ ಐದು ತುಂಡು. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಕಡೆಯ ತುಂಡೊಂದೇ ಹೋಗುತ್ತದೆ. ಹಿಂದೆ ಮುಂದೆ ಸರಿಯುವುದೂ ಅಳಿಸುವುದೂ ನಮಗೆ ಪದೇ ಪದೇ ಬೀಳುವ ಕೆಲಸವಾದ್ದರಿಂದ, ಬಾಣಗಳನ್ನು ಬೇರೆ ಕೀಲಿಗಳ ಹಿಂದೆ ಬಚ್ಚಿಟ್ಟ 61ರ ಮಣೆಗಿಂತ, ಎರಡು ಸೆಂಟಿಮೀಟರ್ ಹೆಚ್ಚಾದರೂ 84ರದೇ ನಮಗೆ ಹಿತ. ಅಕ್ಕನಿಗಾಗಿ ನಾನು ತಂದದ್ದು ಅದನ್ನೇ. 32 ಹೋಗಿ ಉಳಿದ 29 ಸೆಂಟಿಮೀಟರಿನಲ್ಲಿ ಆಕೆಯ ನೋಟುಪುಸ್ತಕ ಈಗ ಧಾರಾಳವಾಗಿ ತೆರೆದುಕೊಂಡಿರುತ್ತದೆ.

ಬಾಳಿಕೆಯ ಮಾತಿಗೆ ಬರೋಣ. ಅಗ್ಗದ ಮಣೆಯಲ್ಲಿ ಎಲ್ಲ ಕೀಲಿಗಳ ಕೆಳಗೂ ಒಂದೇ ರಬ್ಬರಿನ ಹಾಳೆ, ಅದರ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪದರಗಳು. ಬೆಲೆಯುಳ್ಳದ್ದರಲ್ಲಿ ಪ್ರತಿಯೊಂದು ಕೀಲಿಗೂ ತನ್ನದೇ ಸ್ಪ್ರಿಂಗು, ತನ್ನದೇ ಸ್ವಿಚ್ಚು. ಮೊದಲನೆಯದು 50 ಲಕ್ಷ ಹೊಡೆತ ತಾಳುತ್ತದೆ, ಎರಡನೆಯದು 5 ಕೋಟಿ ತಾಳುತ್ತದೆ ಎಂಬಂತಹ ಅಂಕಿಗಳನ್ನು ತಯಾರಕರು ಮುಂದಿಡುತ್ತಾರೆ. ಈ ಅಂಕಿಗಳಿಗೆ ಬೆರಗಾಗುವ ಮುನ್ನ ಸರಳವಾದ ಗುಣಾಕಾರ ಮಾಡಿ ನೋಡಿ. ದಿನಕ್ಕೆ 15,000 ಹೊಡೆತ ಹೊಡೆಯುವ ಉತ್ಸಾಹಿ ಲೇಖಕನ ಹತ್ತರಲ್ಲಿ ಒಂದು ಹೊಡೆತ ಒಂದೇ ಕೀಲಿಗೆ ಬಿದ್ದರೂ ಆ ಕೀಲಿಗೆ ದಿನಕ್ಕೆ 1,500. ಆ ಲೆಕ್ಕದಲ್ಲಿ 50 ಲಕ್ಷ ಮುಗಿಯಲು ಒಂಬತ್ತು ವರ್ಷ ಬೇಕು. 5 ಕೋಟಿಗೆ ತೊಂಬತ್ತು ವರ್ಷ. ಕೀಲಿಮಣೆಗಳು ಸಾಯುವುದು ಬರೆದೂ ಬರೆದೂ ಅಲ್ಲ. ಶಿಕಾರಿಪುರದ ಬೇಸಗೆಯ ಧೂಳು, ಸೊರಬದ ಮಳೆಗಾಲದ ತೇವ, ಸಕ್ಕರೆಯ ವಾಸನೆ ಹಿಡಿದು ಬರುವ ಇರುವೆ, ಕೈತಪ್ಪಿ ಚೆಲ್ಲಿದ ಕಾಫಿ, ಬುಡದಲ್ಲಿ ಮಡಿಸಿ ಮಡಿಸಿ ಮುರಿದ ತಂತಿ, ಇವು ಅವುಗಳ ಮೃತ್ಯುಗಳು.

ಆದ್ದರಿಂದ ಬಾಳಿಕೆಯೆಂದರೆ ರಿಪೇರಿಗೆ ಒದಗುವ ಗುಣ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಕೀಲಿಯ ಟೊಪ್ಪಿಗೆಯನ್ನು ಕಿತ್ತು ಒಳಗಿನ ಧೂಳನ್ನು ಕುಂಚದಿಂದ ತೆಗೆಯಲು ಬರಬೇಕು. ತಂತಿಯನ್ನು ಮಣೆಯಿಂದ ಬಿಡಿಸಿ ಬೇರೊಂದನ್ನು ಸಿಕ್ಕಿಸಲು ಬರಬೇಕು. ಒಂದು ಕೀಲಿ ಕೆಟ್ಟರೆ ಆ ಸ್ವಿಚ್ಚನ್ನಷ್ಟೇ ಕಿತ್ತು ಹೊಸದನ್ನು ಕೂರಿಸುವಂತಿದ್ದರೆ ಇನ್ನೂ ಉತ್ತಮ. ಬೆಸುಗೆಯ ಅಗತ್ಯವಿಲ್ಲದೆ ಹಾಗೆ ಮಾಡಬಹುದಾದ ಮಣೆಗಳು ಇಂದು ದೊರೆಯುತ್ತವೆ. ಕೀಲಿಯ ಮೇಲಿನ ಅಕ್ಷರ ಬಣ್ಣ ಬಳಿದದ್ದೋ, ಪ್ಲಾಸ್ಟಿಕ್ಕಿನೊಳಗೇ ಇಳಿದದ್ದೋ ವಿಚಾರಿಸಬೇಕು. ಬಳಿದದ್ದು ಬೆರಳಿನ ಬೆವರಿಗೆ ಅಳಿದುಹೋಗುತ್ತದೆ. ಬೆರಳು ನೋಯುವವರು ಕೀಲಿ ಎಷ್ಟು ಗ್ರಾಂ ಒತ್ತಡಕ್ಕೆ ಇಳಿಯುತ್ತದೆಂದೂ ಕೇಳಬೇಕು. 45 ಗ್ರಾಂ ಸಾಮಾನ್ಯ, ಅದಕ್ಕಿಂತ ಹಗುರವಾದುದೂ ಉಂಟು. ಹೊಲಿಗೆಯಂತ್ರಕ್ಕೆ ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ ನಾಲ್ಕು ದಶಕ ಬಾಳಿಸಿದ ಅಕ್ಕನಿಗೆ ಇದಾವುದನ್ನೂ ನಾನು ವಿವರಿಸಿ ಹೇಳಬೇಕಾಗಲಿಲ್ಲ.

ಜಪಾನಿನ ಗಣಕ ವಿಜ್ಞಾನಿ ಏಯಿಟಿ ವಾಡಾ ಅವರು ಯೋಜಿಸಿದ 60 ಕೀಲಿಗಳ ಪುಟ್ಟ ಮಣೆಯೊಂದು 1996ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಬಗೆಗೆ ಅವರು ಕೊಟ್ಟ ಹೋಲಿಕೆ ಸೊಗಸಾಗಿದೆ: ಅಮೆರಿಕದ ಪಶ್ಚಿಮದ ಸವಾರರು ಕುದುರೆ ಸತ್ತರೆ ಅದನ್ನು ಬಿಟ್ಟು ನಡೆಯುತ್ತಾರೆ, ಜೀನನ್ನು ಮಾತ್ರ ಬಿಡುವುದಿಲ್ಲ, ಕಂಪ್ಯೂಟರು ಕುದುರೆ, ಕೀಲಿಮಣೆ ಜೀನು. ಮಡಿಸುವ ಕಂಪ್ಯೂಟರಿನಲ್ಲಿ ಕೀಲಿಗಳು ಇರುವಾಗ ಬೇರೊಂದು ಮಣೆ ಯಾಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ಕುದುರೆಗಳು ಐದಾರು ವರ್ಷಕ್ಕೆ ಬದಲಾಗುತ್ತವೆ. ಕೈ ಒಮ್ಮೆ ಪಳಗಿದ ಮೇಲೆ ಅದು ಕೂತ ಜಾಗ ಬದಲಾಗದಿದ್ದರೆ ಲೇಸು, ವಯಸ್ಸಾದ ಕೈಯಾದರಂತೂ.

ನಮ್ಮ ಎರಡು ತಾಲ್ಲೂಕುಗಳು ಅಕ್ಷರಕ್ಕೆ ಹೊಸಬರಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ನೂರಾರು ಸಂಖ್ಯೆಯಲ್ಲಿ ಅಚ್ಚಾಗಿವೆ. ಶಿರಾಳಕೊಪ್ಪದ ಬಳಿಯ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದೆ, ಕದಂಬರ ಕಾಲದ ಕಂಬವೊಂದು ನಿಂತಿದೆ. ಅದರ ಮೇಲಿನ ಸಂಸ್ಕೃತ ಕಾವ್ಯವನ್ನು ಐದನೆಯ ಶತಮಾನದಲ್ಲಿ ರಚಿಸಿದವನು ಕುಬ್ಜನೆಂಬ ಕವಿ. ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಆ ಶಾಸನ ಹೇಳುತ್ತದೆ. ತನ್ನ ಮಾತು ಇನ್ನೊಬ್ಬರ ಕೈಯಲ್ಲಿ ಕೆಡಬಾರದೆಂಬ ಕವಿಯ ಕಾಳಜಿ ನಮಗೆ ಅರ್ಥವಾಗದ್ದೇನಲ್ಲ.

ಕುಬ್ಜನಿಗೆ ಒದಗಿದ್ದು ಕಲ್ಲು. ಅಷ್ಟು ಬಾಳಿಕೆ ಪ್ಲಾಸ್ಟಿಕ್ಕಿಗೆ ಬೇಡ. ಒಬ್ಬ ಹೆಂಗಸಿನ ನೆನಪಿನಲ್ಲಿರುವ ಹಾಡುಗಳು ಪೂರ್ತಿ ಇಳಿದುಬರುವವರೆಗೆ ಅದು ತಡೆದರೆ ಸಾಕು. ಅಕ್ಕ ಇದುವರೆಗೆ ಅರವತ್ತೆರಡು ಹಾಡುಗಳನ್ನು ಮುಗಿಸಿದ್ದಾಳೆ. ಒಂದರಲ್ಲಿಯೂ ‘ಬಂದಾಳೊ’ ಎಂಬುದು ‘ಬಂದಳು’ ಆಗಿಲ್ಲ.