ಹೃದಯಕವಾಟದ ನೂತನ ಚಿಕಿತ್ಸೆ



ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ವೃದ್ಧರು ತೋಟದ ದಿಣ್ಣೆಯನ್ನೇರುವಾಗ ಏದುಸಿರು ಬಂದರೆ, ವಯಸ್ಸಾಯಿತೆಂದು ಸುಮ್ಮನಾಗುವುದು ವಾಡಿಕೆ. ಆ ಏದುಸಿರಿಗೆ ಬೇರೊಂದು ಕಾರಣವೂ ಇರಬಹುದು. ಹೃದಯದಿಂದ ಮಹಾಧಮನಿಗೆ ರಕ್ತವು ಹೊರಡುವ ದ್ವಾರದಲ್ಲಿ ಮೂರು ದಳಗಳ ಕವಾಟವೊಂದುಂಟು. ಮುಪ್ಪಿನಲ್ಲಿ ಸುಣ್ಣದಂಶವು ಕೂಡಿ ಅದು ಬಿರುಸಾಗಿ, ಪೂರ್ತಿ ತೆರೆಯದೆ ಹೋಗುವುದುಂಟು. ಏದುಸಿರು, ಎದೆನೋವು, ಮೂರ್ಛೆ ಇವೇ ಅದರ ಲಕ್ಷಣಗಳು. ರೋಗವು ತೀವ್ರವಾಗಿ ಈ ಲಕ್ಷಣಗಳು ತೋರಿದ ಮೇಲೆ ಕವಾಟವನ್ನು ಬದಲಿಸದಿದ್ದರೆ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ 2 ವರ್ಷಗಳೊಳಗೇ ತೀರಿಕೊಳ್ಳುತ್ತಾರೆ. ಬಿಗಿದ ಕವಾಟವನ್ನು ಸಡಿಲಿಸುವ ಔಷಧವಿಲ್ಲ.

ಪೂರ್ವದಲ್ಲಿ ಎದೆಯೆಲುಬನ್ನು ಸೀಳಿ, ಹೃದಯವನ್ನು ನಿಲ್ಲಿಸಿ, ಯಂತ್ರದಿಂದ ರಕ್ತವನ್ನು ನಡೆಯಿಸಿ ಮಾಡುವ ಶಸ್ತ್ರಕ್ರಿಯೆಯೊಂದೇ ಮಾರ್ಗವಾಗಿತ್ತು. ಅಶಕ್ತರಾದ ಅನೇಕ ವೃದ್ಧರು ಅದನ್ನು ತಾಳಲಾರದವರು. 2002ನೆಯ ಇಸವಿ ಏಪ್ರಿಲ್ 16ರಂದು ಫ್ರಾನ್ಸ್ ದೇಶದ ರೂಆನ್ ನಗರದಲ್ಲಿ ಅಲೆನ್ ಕ್ರಿಬಿಯೇ ಎಂಬ ವೈದ್ಯರು ಎದೆಯನ್ನು ತೆರೆಯದೆ, ರಕ್ತನಾಳದ ಮಾರ್ಗವಾಗಿಯೇ ಹೊಸ ಕವಾಟವನ್ನು ಪ್ರಥಮವಾಗಿ ಮನುಷ್ಯನ ಹೃದಯದಲ್ಲಿ ನೆಲೆಗೊಳಿಸಿದರು. ಈಗ ಬಹುಮಟ್ಟಿಗೆ ತೊಡೆಯ ಧಮನಿಯಿಂದ ಸಣ್ಣ ನಳಿಕೆಯನ್ನು ಏರಿಸಿ, ಮುದುಡಿಸಿಟ್ಟ ಕವಾಟವನ್ನು ಹಳೆಯದರ ನಡುವೆ ಅರಳಿಸುತ್ತಾರೆ. ಹಳೆಯದನ್ನು ಕೀಳುವುದಿಲ್ಲ, ಅದು ಬದಿಗೆ ಒತ್ತರಿಸಲ್ಪಡುತ್ತದೆ. ಬಹುಮಂದಿ ಕೆಲವೇ ದಿನಗಳಲ್ಲಿ ಮನೆಗೆ ಮರಳುವರು. ಅಪಾಯವೇ ಇಲ್ಲವೆಂದಲ್ಲ: ರಕ್ತಸ್ರಾವ, ಪಾರ್ಶ್ವವಾಯು, ಪೇಸ್‌ಮೇಕರ್ ಇಡಬೇಕಾದ ಪ್ರಸಂಗ, ಇವು ಉಂಟು.

ಭಕ್ತರಿಗೆ ತಿಳಿಸದೆ ಬಿಡಲಾಗದ ಸಂಗತಿಯೊಂದು ಇಲ್ಲಿದೆ. ಹೀಗೆ ನಾಳದ ಮೂಲಕ ಇಡುವ ಕವಾಟದ ದಳಗಳನ್ನು ಗೋವಿನ ಇಲ್ಲವೆ ಹಂದಿಯ ಹೃದಯಾವರಣದ ಪೊರೆಯಿಂದ ಮಾಡಿರುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲು ಬಳಕೆಗೆ ಬಂದ ಯಾಂತ್ರಿಕ ಕವಾಟದಲ್ಲಿ ಪ್ರಾಣಿಜನ್ಯ ಪೊರೆಯಿಲ್ಲ. ಆದರೆ ಅಂತಹದಕ್ಕೆ ಎದೆಯನ್ನು ತೆರೆಯಲೇಬೇಕು, ಆಜೀವವೂ ರಕ್ತವನ್ನು ಹೆಪ್ಪುಗಟ್ಟಗೊಡದ ಔಷಧವನ್ನು ಸೇವಿಸಬೇಕು. ಮಾಂಸವನ್ನು ಮುಟ್ಟದ ಮನೆತನದ ಹಿರಿಯರಿಂದ ಈ ವಿಷಯವನ್ನು ಮರೆಮಾಚುವುದು ಮಕ್ಕಳಿಗೆ ತರವಲ್ಲ. ಎಲ್ಲವನ್ನೂ ತಿಳಿದು, ಪ್ರಾಣರಕ್ಷಣೆಗಾಗಿ ಒಪ್ಪಿದವರನ್ನು ಆಚಾರಭ್ರಷ್ಟರೆಂದು ಆಡಿಕೊಳ್ಳುವುದು ಅದಕ್ಕಿಂತಲೂ ಹೀನವಾದುದು.

ಇನ್ನು ದಾರಿಯ ಮಾತು. ಇಂತಹ ಚಿಕಿತ್ಸೆಗೆ ಕುಮಟೆಯವರು ಶರಾವತಿಯನ್ನು ದಾಟಿ ಮಣಿಪಾಲ, ಮಂಗಳೂರುಗಳ ಕಡೆಗೆ ಹೋಗಬೇಕು. 2022ನೆಯ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್ ಬಳಿ ಮಗುಚಿ ನಾಲ್ವರು ಮೃತರಾದುದನ್ನು ಈ ಸೀಮೆಯು ಮರೆತಿಲ್ಲ. ಆದುದರಿಂದ ಮೂರ್ಛೆ ಬಂದ ಮೇಲೆ ವಾಹನವನ್ನು ಅರಸತಕ್ಕದ್ದಲ್ಲ. ಕವಾಟದ ಬಿಗಿತವು ಎದೆಯ ಸದ್ದಿನಲ್ಲಿ ಸಾಮಾನ್ಯವಾಗಿ ಮೊದಲೇ ಕೇಳಬರುತ್ತದೆ. ಊರಿನ ವೈದ್ಯರ ಸ್ಟೆತಾಸ್ಕೋಪಿಗೂ ಅದು ಸಿಕ್ಕೀತು. ಸಂಶಯವಾದರೆ ಎಕೋ ಪರೀಕ್ಷೆಯಿಂದ ನಿಶ್ಚಯವಾಗುವುದು.