ಉಪ್ಪಿನ ಋಣವೂ ದಾದಿಯ ನಿಷ್ಠೆಯೂ

'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನಾನು ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟು ಸಲ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಬರೆದುದಕ್ಕೆ ಅಂಕ ಹಾಕುವುದು ಸುಲಭ. ಆದರೆ ಒಂದು ಭಾನುವಾರ ಅದೇ ಗಾದೆ ನನ್ನ ಮನೆಯ ಜಗಲಿಗೆ ಬಂದು ಕುಳಿತು ನನ್ನನ್ನೇ ಪ್ರಶ್ನೆ ಕೇಳಿತು.

ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಹೆಸರು ಬೇಡ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿ, ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಮಾಡಿ, ತಾಲ್ಲೂಕು ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದವಳು. ಅರವತ್ತು ಹಾಸಿಗೆಗಳ ಆಸ್ಪತ್ರೆ. ಸೇರಿ ಹನ್ನೊಂದು ವರ್ಷವಾಗಿತ್ತು. ತಾಯಿಯೂ ಜೊತೆಯಲ್ಲಿ ಬಂದಿದ್ದರು.

"ಮೇಷ್ಟ್ರೆ, ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯವರು ಕರೆಯುತ್ತಿದ್ದಾರೆ. ತಿಂಗಳಿಗೆ ಆರು ಸಾವಿರ ಹೆಚ್ಚು ಕೊಡುತ್ತಾರಂತೆ. ಹೋಗಲೋ ಬೇಡವೋ?" ಎಂದಳು.

ತಾಯಿ ತಕ್ಷಣವೇ, "ನೀವೇ ಬುದ್ಧಿ ಹೇಳಿ ಸಾರ್. ಇವಳ ಅಪ್ಪನಿಗೆ ಆಪರೇಷನ್ ಆದಾಗ ಆ ಡಾಕ್ಟರು ಅರ್ಧ ದುಡ್ಡು ಬಿಟ್ಟರು. ಅವರ ಅನ್ನ ಉಂಡು ಬಿಟ್ಟುಹೋಗುವುದು ಸರಿಯೆ?" ಎಂದರು.

ನಾನು ಹಿಂದುಮುಂದು ನೋಡದೆ, "ನಿಮ್ಮ ತಾಯಿ ಹೇಳುವುದು ಸರಿ ಕಣಮ್ಮ. ನಂಬಿದವರನ್ನು ಬಿಡಬಾರದು" ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ, "ಹೋದ ತಿಂಗಳು ಸೇರಿದ ಹುಡುಗಿಗೂ ನನಗೂ ಸಂಬಳದಲ್ಲಿ ಇರುವ ಅಂತರ ಸಾವಿರದ ಇನ್ನೂರು ರೂಪಾಯಿ ಸಾರ್. ಅವಳಿಗೆ ಕೆಲಸ ಕಲಿಸುವವಳು ನಾನು" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ವಾರ ಕಳೆದು ಬಾರಮ್ಮ ಎಂದು ಕಳುಹಿಸಿದೆ. ಆ ವಾರದಲ್ಲಿ ತಿಳಿದುಕೊಂಡುದನ್ನೇ ಈಗ ತಮ್ಮ ಮುಂದೆ ಇಡುತ್ತಿದ್ದೇನೆ. ಮಗಳನ್ನೋ ಸೊಸೆಯನ್ನೋ ಈ ವೃತ್ತಿಗೆ ಕಳುಹಿಸಿರುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಕಡಮೆಯಿಲ್ಲ.

ಮೊದಲು ನನ್ನ ಶಾಸ್ತ್ರವನ್ನೇ ಕೇಳಿ ನೋಡಿದೆ. ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಮಾತೊಂದುಂಟು. ಅನ್ನವಿಟ್ಟ ಒಡೆಯನಿಗಾಗಿ ಪ್ರಾಣವನ್ನಾದರೂ ಕೊಡುವ ಕಟ್ಟುಪಾಡು ಅದು. ಪಂಪನ ಕರ್ಣನು ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡಲಿಲ್ಲ. ಇದನ್ನು ನಾವು ತರಗತಿಯಲ್ಲಿ ಹೊಗಳಿ ಹೇಳುತ್ತೇವೆ. ಆದರೆ ಒಂದನ್ನು ಹೇಳಲು ಮರೆಯುತ್ತೇವೆ. ದುರ್ಯೋಧನನು ಕರ್ಣನಿಗೆ ಮೊದಲು ಅಂಗರಾಜ್ಯವನ್ನು ಕೊಟ್ಟನು. ನಿಷ್ಠೆಯನ್ನು ಕೇಳಿದುದು ಆಮೇಲೆ. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿ. ಒಡೆಯನಿಗಾಗಿ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುದನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಎಂದರೆ ನಿಷ್ಠೆಯು ನಮ್ಮ ಹಿರಿಯರಲ್ಲಿ ಒಮ್ಮುಖದ ವ್ಯವಹಾರವಾಗಿರಲಿಲ್ಲ. ಆಳಿನದೂ ಋಣ, ಒಡೆಯನದೂ ಋಣ. ಕೊಟ್ಟ ಮಾತು ಬರೆವಣಿಗೆಯಲ್ಲಿಯೂ ಇರುತ್ತಿತ್ತು.

ಹಾಗಾದರೆ ಈ ಕಾಲದ ನರ್ಸಿಗೆ ಬರೆವಣಿಗೆಯಲ್ಲಿ ಏನಿದೆ? ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ.

ಮೊದಲನೆಯದು ಗ್ರಾಚ್ಯುಯಿಟಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಇದನ್ನು ಕಡ್ಡಾಯ ಮಾಡಿದುದು 1972ರ ಕಾಯಿದೆ. ಐದು ವರ್ಷ ಎಡೆಬಿಡದೆ ದುಡಿದವರು ಕೆಲಸ ಬಿಡುವಾಗ, ಪೂರೈಸಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಹಣ ಬರಬೇಕು. ತಿಂಗಳಿಗೆ 26 ದಿನವೆಂದು ಎಣಿಕೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಖಾಯಂ ನೌಕರರಿಗೆ ಐದು ವರ್ಷದ ನಿಯಮವೇ ಉಳಿದಿದೆ. ಗೊತ್ತಾದ ಅವಧಿಗೆ ನೇಮಕವಾದವರಿಗೆ ಮಾತ್ರ ಒಂದು ವರ್ಷ ಸಾಕು. ಈ ಹುಡುಗಿಯ ಮೂಲವೇತನ, ತುಟ್ಟಿಭತ್ಯೆ ಸೇರಿ 15,600 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 9,000. ಹನ್ನೊಂದು ವರ್ಷಕ್ಕೆ 99,000 ರೂಪಾಯಿ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. "ಬಿಟ್ಟುಹೋದರೆ ಗ್ರಾಚ್ಯುಯಿಟಿ ಹೋಗುತ್ತದೆ" ಎಂದು ಅವಳ ತಾಯಿ ನಂಬಿದ್ದರು. ಅದು ಸರಿಯಲ್ಲ. ಐದು ವರ್ಷ ತುಂಬಿದ ಮೇಲೆ ತಾನಾಗಿ ರಾಜೀನಾಮೆ ಕೊಟ್ಟರೂ ಅದು ಬರತಕ್ಕ ಹಣ. ಯಾರ ದಯೆಯೂ ಅಲ್ಲ. ಎರಡನೆಯದು, ನಾಲ್ಕೂವರೆ ವರ್ಷಕ್ಕೆ ಬೇಸತ್ತು ಬಿಡುವವರ ಅವಸರ. ಇನ್ನು ಕೆಲವು ತಿಂಗಳು ತಾಳಿದ್ದರೆ ಐದು ವರ್ಷದ ಹಣ ಕೈಗೆ ಬರುತ್ತಿತ್ತು. ಇದ್ದಲ್ಲೇ ಇರುವುದಕ್ಕೆ ಒಂದು ನಿಜವಾದ ಲಾಭವೂ ಇದೆ. ಲೆಕ್ಕ ಹಾಕುವುದು ಕೊನೆಯ ತಿಂಗಳ ಸಂಬಳದ ಮೇಲೆ. ಸಂಬಳ ಏರಿದರೆ ಹಿಂದಿನ ವರ್ಷಗಳಿಗೂ ಅದೇ ಏರಿಕೆ ಸಿಕ್ಕುತ್ತದೆ. ಆದರೆ ಸಂಬಳ ಏರಬೇಕು!

ಎರಡನೆಯದು ಪ್ರಾವಿಡೆಂಟ್ ಫಂಡು, ಅದರೊಡನೆ 1995ರಲ್ಲಿ ಬಂದ ಪಿಂಚಣಿ ಯೋಜನೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆದರೆ ಒಬ್ಬನೇ ಯಜಮಾನನ ಬಳಿ ಹತ್ತು ವರ್ಷವೆಂದು ಎಲ್ಲಿಯೂ ಹೇಳಿಲ್ಲ. ಆರು ವರ್ಷ ಅಲ್ಲಿ, ಆರು ವರ್ಷ ಇಲ್ಲಿ ದುಡಿದು, ಖಾತೆಯನ್ನು ವರ್ಗಾಯಿಸಿಕೊಂಡರೆ ಹನ್ನೆರಡು ವರ್ಷವೆಂದೇ ಎಣಿಕೆ. 2014ರಲ್ಲಿ ಗೊತ್ತುಮಾಡಿದ 15,000 ರೂಪಾಯಿ ಸಂಬಳದ ಮಿತಿಯನ್ನು ಹಿಡಿದು, ಹನ್ನೆರಡರಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಿದರೆ, 58ನೆಯ ವಯಸ್ಸಿನಿಂದ ತಿಂಗಳಿಗೆ ಸುಮಾರು 2,571 ರೂಪಾಯಿ ಬರುತ್ತದೆ. ಹೆಚ್ಚಲ್ಲ, ನಿಜ, ಆದರೆ ಜೀವವಿರುವ ತನಕ ಬರುವ ಹಣ. ಕೆಲಸ ಬಿಟ್ಟಾಗಲೆಲ್ಲ ಫಂಡನ್ನು ಪೂರ್ತಿ ಬಿಡಿಸಿಕೊಂಡು ಹಬ್ಬಕ್ಕೋ ಒಡವೆಗೋ ಖರ್ಚು ಮಾಡುವವರಿಗೆ ಈ ಎಣಿಕೆ ಮತ್ತೆ ಸೊನ್ನೆಯಿಂದ ಮೊದಲಾಗುತ್ತದೆ. ಆದುದರಿಂದ ಇಲ್ಲಿ ನಿಷ್ಠೆ ಬೇಕಾದುದು ಆಸ್ಪತ್ರೆಗಲ್ಲ, ಖಾತೆಗೆ.

ಮೂರನೆಯದು ಕೈಯಲ್ಲಿ ಕೂಡುವ ವಿದ್ಯೆ. ಅಮೆರಿಕದ ಪ್ಯಾಟ್ರೀಷಿಯಾ ಬೆನರ್ ಎಂಬ ವಿದುಷಿ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನರ್ಸು ಹೊಸಬಳಿಂದ ನಿಪುಣಳಾಗುವ ತನಕ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ನಿಂತವಳು ಮಾತ್ರ ಮೂರನೆಯ ಮೆಟ್ಟಿಲಾದ ಸಮರ್ಥಳ ಸ್ಥಾನಕ್ಕೆ ಬರುತ್ತಾಳೆಂದು ಅವರ ಮತ. ನಮ್ಮ ಭಾಷೆಯೂ ಇದನ್ನು ಒಪ್ಪುತ್ತದೆ. 'ಶುಶ್ರೂಷೆ' ಎಂಬ ಶಬ್ದವು 'ಶ್ರು' ಧಾತುವಿನಿಂದ ಬಂದುದು. ಮೂಲದ ಅರ್ಥ 'ಕೇಳಬೇಕೆಂಬ ಇಚ್ಛೆ'. ರೋಗಿಯ ಉಸಿರಾಟದಲ್ಲಿ ಆದ ಸಣ್ಣ ವ್ಯತ್ಯಾಸವನ್ನು, ಅವನು ಬಾಯಿ ಬಿಟ್ಟು ಹೇಳದ ನೋವನ್ನು ಕೇಳಿಸಿಕೊಳ್ಳಬಲ್ಲ ಕಿವಿ ಆರು ತಿಂಗಳಿಗೊಂದು ಆಸ್ಪತ್ರೆ ಬದಲಿಸುವವರಿಗೆ ಬಾರದು. ಆದುದರಿಂದ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳುವುದಿಷ್ಟು: ಮೊದಲ ಎರಡು ಮೂರು ವರ್ಷ ಒಂದು ಕಡೆ ಬೇರು ಬಿಡಿ. ಹೊರದೇಶಕ್ಕೆ ಹೋಗಬೇಕೆಂದರೂ ಅನುಭವದ ಪತ್ರವನ್ನು ಕೇಳುತ್ತಾರೆ. ಆದರೆ ಹತ್ತು ವರ್ಷವೂ ಒಂದೇ ವರ್ಷದ ಕೆಲಸವನ್ನು ಹತ್ತು ಸಲ ಮಾಡಿಸಿದರೆ ಅದು ಅನುಭವವಲ್ಲ, ಸವೆತ.

ನಾಲ್ಕನೆಯದು ಸಂಬಳ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರವು ಖಾಸಗಿ ಆಸ್ಪತ್ರೆಗಳ ನರ್ಸುಗಳ ವೇತನದ ವಿಚಾರಕ್ಕೆ ಸಮಿತಿಯನ್ನು ನೇಮಿಸಿತು. 200ಕ್ಕೆ ಮೇಲ್ಪಟ್ಟು ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ನರ್ಸಿಗೆ ಸಮಾನವಾದ ಸಂಬಳ. ನೂರಕ್ಕೆ ಮೇಲ್ಪಟ್ಟರೆ ಅದಕ್ಕಿಂತ ನೂರಕ್ಕೆ 10ರಷ್ಟು ಮಾತ್ರ ಕಡಮೆ. 50ರಿಂದ 100 ಹಾಸಿಗೆಗಳಿದ್ದರೆ ನೂರಕ್ಕೆ 25ರಷ್ಟು ಕಡಮೆ. ಐವತ್ತರೊಳಗಿದ್ದರೂ 20,000 ರೂಪಾಯಿಗೆ ಕಡಮೆಯಾಗಬಾರದು. ಹೀಗೆಂದು ಆ ಸಮಿತಿ ಸಲಹೆ ಕೊಟ್ಟಿತು. ಸಲಹೆ ಸಲಹೆಯೇ, ರಾಜ್ಯಗಳು ಜಾರಿಗೆ ತಂದರೆ ಉಂಟು. ನೆರೆಯ ಕೇರಳದಲ್ಲಿ 2011-12ರಿಂದ ನರ್ಸುಗಳು ಮುಷ್ಕರ ಹೂಡಿ, 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನವನ್ನು ಪಡೆದರು. ಆ ಅಳತೆಗೋಲನ್ನು ಹಿಡಿದು ನೋಡಿದರೆ ನಮ್ಮ ಹುಡುಗಿಯ ಸಂಬಳ ತೀರ ಕೆಳಗಿತ್ತು. ಹೊಸ ಆಸ್ಪತ್ರೆಯ ಆರು ಸಾವಿರ ಒಂದು ವರ್ಷಕ್ಕೆ 72,000 ರೂಪಾಯಿ. ಹನ್ನೊಂದು ವರ್ಷದ ಗ್ರಾಚ್ಯುಯಿಟಿಯ ಮುಕ್ಕಾಲು ಭಾಗ ಅಲ್ಲಿ ಒಂದೂ ಕಾಲು ವರ್ಷದೊಳಗೆ ಬಂದುಬಿಡುತ್ತದೆ.

ಹಾಗಾದರೆ ಒಂದೇ ಕಡೆ ಇದ್ದು ಫಲ ಕಂಡವರೇ ಇಲ್ಲವೆ? ಉಂಟು. ಸರ್ಕಾರಿ ಆಸ್ಪತ್ರೆಯ ಖಾಯಂ ನರ್ಸಿಗೆ, ನಮ್ಮ ಉಪಾಧ್ಯಾಯರಂತೆಯೇ, ವರ್ಷ ವರ್ಷ ಬಡ್ತಿ ಹಣ ಕೇಳದೆಯೇ ಸೇರುತ್ತದೆ. 2006ರ ಏಪ್ರಿಲ್‌ನಿಂದ ಸೇರಿದವರಿಗೆ ಪಿಂಚಣಿಯ ಕ್ರಮ ಬದಲಾದರೂ, ಅಲ್ಲಿ ಇದ್ದಷ್ಟು ಕಾಲವೂ ಬೆಲೆಯಿದೆ. ಗುತ್ತಿಗೆಯ ಮೇಲೆ ಇರುವವರಿಗೆ ಮಾತ್ರ ಈ ಮಾತು ಸಲ್ಲದು. ಖಾಸಗಿಯಲ್ಲಿಯೂ ಇಂಥ ಸ್ಥಳಗಳುಂಟು. ಅಮೆರಿಕದಲ್ಲಿ ನರ್ಸುಗಳ ಕೊರತೆ ಬಹಳವಾಗಿದ್ದಾಗ, ಕೆಲವು ಆಸ್ಪತ್ರೆಗಳನ್ನು ಮಾತ್ರ ಅವರು ಬಿಟ್ಟುಹೋಗದಿರುವುದು ಏಕೆಂದು ಅಲ್ಲಿಯ ನರ್ಸಿಂಗ್ ಅಕಾಡೆಮಿ ವಿಚಾರಿಸಿತು. 1983ರಲ್ಲಿ ಹೊರಬಂದ ಆ ವರದಿ ಅಂಥ 41 ಆಸ್ಪತ್ರೆಗಳನ್ನು ಅಯಸ್ಕಾಂತಗಳೆಂದು ಕರೆಯಿತು. ಸಾಕಷ್ಟು ಸಿಬ್ಬಂದಿ, ನರ್ಸಿನ ಮಾತಿಗೆ ಮನ್ನಣೆ, ಒಳ್ಳೆಯ ಮೇಲ್ವಿಚಾರಣೆ, ಮುಂದೆ ಓದಲು ಅವಕಾಶ, ಇವು ಅಲ್ಲಿ ಕಂಡುಬಂದ ಗುಣಗಳು. ಅಯಸ್ಕಾಂತವು ಕಬ್ಬಿಣವನ್ನು ಕಟ್ಟಿಹಾಕುವುದಿಲ್ಲ, ಸೆಳೆಯುತ್ತದೆ. ಬಾಂಡು ಬರೆಸಿಕೊಂಡು, ಮೂಲ ಸರ್ಟಿಫಿಕೇಟುಗಳನ್ನು ಬೀರುವಿನಲ್ಲಿ ಇಟ್ಟುಕೊಂಡು ಉಳಿಸಿಕೊಳ್ಳುವವರದು ಹಗ್ಗದ ವ್ಯವಹಾರ. ಸೇರುವಾಗ ಪ್ರತಿಗಳನ್ನು ಕೊಡಿ. ಮೂಲಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ.

ಇನ್ನೊಂದು ಮಾತು. ಕೆಲಸ ಬದಲಿಸುವಾಗ ಸಂಬಳವೊಂದನ್ನೇ ಕೇಳಿ ಬರಬಾರದು. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂದೂ ಕೇಳಬೇಕು. ಅಮೆರಿಕದ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನದೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು ಹೆಚ್ಚಿದುದು ಕಂಡುಬಂದಿತು. ಆರು ಸಾವಿರ ಹೆಚ್ಚು ಕೊಟ್ಟು ಇಬ್ಬರ ಕೆಲಸವನ್ನು ಒಬ್ಬಳ ಹೆಗಲಿಗೆ ಹಾಕುವ ಸ್ಥಳವಾದರೆ ಅದು ಲಾಭವಲ್ಲ.

ಮುಂದಿನ ಭಾನುವಾರ ಅವಳು ಬಂದಾಗ ನಾನು ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. "ಅಮ್ಮ, ಹೋದ ವಾರ ನಾನು ಹೇಳಿದುದು ಗಾದೆಯ ಅರ್ಧ ಮಾತ್ರ. ಡಾಕ್ಟರು ಮಾಡಿದ ಉಪಕಾರವನ್ನು ಮರೆಯಬೇಡ. ಆದರೆ ಉಪಕಾರ ಬೇರೆ, ಸಂಬಳ ಬೇರೆ. ಮೊದಲು ಅವರ ಬಳಿಯೇ ಹೋಗಿ ಕೇಳು" ಎಂದೆ. ಮೂರು ಬೇಡಿಕೆಗಳನ್ನು ಬರೆದುಕೊಂಡೆವು. ಅನುಭವಕ್ಕೆ ತಕ್ಕ ಸಂಬಳ. ವಾರ್ಡಿನ ಹೊಣೆ ಹೊತ್ತಿರುವುದಕ್ಕೆ ಇನ್‌ಚಾರ್ಜ್ ಎಂಬ ಪತ್ರ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಿ ಬರಲು ಅನುಮತಿ.

ಅವಳು ಹೋಗಿ ಕೇಳಿದಳು. ಡಾಕ್ಟರು ಸಿಟ್ಟಾಗಲಿಲ್ಲ. "ನೀನು ನಮ್ಮ ಮನೆಯ ಮಗಳಿದ್ದ ಹಾಗೆ. ಮನೆಯಲ್ಲಿ ಯಾರಾದರೂ ಲೆಕ್ಕ ಕೇಳುತ್ತಾರೇನಮ್ಮ?" ಎಂದರಂತೆ. ಸಂಬಳಕ್ಕೆ ಐನೂರು ರೂಪಾಯಿ ಸೇರಿಸುವುದಾಗಿ ಹೇಳಿದರು. ಉಳಿದೆರಡರ ಮಾತು ಬರಲಿಲ್ಲ. ಮನೆಯ ಮಗಳಿಗೆ ಆಸ್ತಿಯಲ್ಲಿ ಪಾಲಿದೆ. ಆಸ್ಪತ್ರೆಯ ಮಗಳಿಗೆ ಇದ್ದುದು ರಾತ್ರಿಯ ಪಾಳಿ.

ಹೊಸ ಆಸ್ಪತ್ರೆಯ ವಾರ್ಡುಗಳನ್ನು ಅವಳು ಒಮ್ಮೆ ಹೋಗಿ ನೋಡಿಬಂದಳು. ಅಲ್ಲಿ ದುಡಿಯುತ್ತಿದ್ದ ಪರಿಚಯದ ಇಬ್ಬರನ್ನು ವಿಚಾರಿಸಿದಳು. ಆಮೇಲೆ ರಾಜೀನಾಮೆ ಕೊಟ್ಟು, ನೋಟೀಸಿನ ತಿಂಗಳು ಪೂರ್ತಿ ದುಡಿದು, ತನ್ನ ಜಾಗಕ್ಕೆ ಬಂದವಳಿಗೆ ಔಷಧದ ಬೀರು, ರಿಜಿಸ್ಟರು, ಹಳೆಯ ರೋಗಿಗಳ ಸ್ವಭಾವ ಎಲ್ಲವನ್ನೂ ತಿಳಿಸಿಕೊಟ್ಟು ಹೊರಟಳು. ಗ್ರಾಚ್ಯುಯಿಟಿಗೆ ಅರ್ಜಿ ಬರೆದುಕೊಟ್ಟವನು ನಾನು. ಹಣ ತಡವಾಗಿ ಬಂದರೂ ಪೂರ್ತಿ ಬಂತು. ಡಾಕ್ಟರ ಮಗಳ ಮದುವೆಗೆ ತಾಯಿ ಮಗಳು ಇಬ್ಬರೂ ಹೋಗಿ ಉಂಡು ಬಂದರು. ನೆನೆಯುವುದಕ್ಕೂ ಜೀತವಿರುವುದಕ್ಕೂ ವ್ಯತ್ಯಾಸವಿದೆ ಎಂದು ಆ ತಾಯಿಗೂ ಅನ್ನಿಸಿರಬೇಕು.

ಆದುದರಿಂದ ಒಂದೇ ಆಸ್ಪತ್ರೆಗೆ ನಿಷ್ಠರಾಗಿದ್ದರೆ ನರ್ಸುಗಳಿಗೆ ಫಲವುಂಟೆ ಎಂದು ಕೇಳಿದವರಿಗೆ ನನ್ನ ಉತ್ತರವಿದು. ಇದ್ದ ವರ್ಷಗಳಿಗೆ ಬೆಲೆ ಕಟ್ಟುವ ಕಡೆ ಫಲವುಂಟು. ಕಟ್ಟದ ಕಡೆ ಇಲ್ಲ. ಅದನ್ನು ತಿಳಿಯಲು ವರ್ಷಕ್ಕೊಮ್ಮೆಯಾದರೂ ನಿಮ್ಮ ಮನೆಯ ಹೆಣ್ಣುಮಗಳ ಜೊತೆ ಕುಳಿತು ಸಂಬಳದ ಚೀಟಿ, ಫಂಡಿನ ಖಾತೆ, ನೇಮಕದ ಪತ್ರ ಮೂರನ್ನೂ ನೋಡಿ. ಹೊಸಬಳ ಸಂಬಳಕ್ಕೂ ಅವಳದಕ್ಕೂ ಅಂತರವೆಷ್ಟು ಎಂದು ಕೇಳಿ. ಆಸ್ಪತ್ರೆ ನಡೆಸುವ ಮಹನೀಯರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿಯೂ ಒಂದು ಬಿನ್ನಹ. ಹತ್ತು ವರ್ಷ ನಿಮ್ಮ ಬಾಗಿಲಲ್ಲಿ ರಾತ್ರಿ ಎಚ್ಚರವಿದ್ದವರಿಗೆ ಬಾಯಿಮಾತಿನ ಬಾಂಧವ್ಯದೊಡನೆ ಕಾಗದದ ಮೇಲೂ ಏನಾದರೂ ಬರೆದುಕೊಡಿ.

ಈ ವರ್ಷದ ಪ್ರಶ್ನೆಪತ್ರಿಕೆಯಲ್ಲಿಯೂ ನಾನು ಆ ಗಾದೆಯನ್ನು ಕೊಟ್ಟಿದ್ದೇನೆ. ಉಪ್ಪು ಉಂಡವರ ಕರ್ತವ್ಯವನ್ನು ಎಲ್ಲ ಮಕ್ಕಳೂ ಬರೆದಿದ್ದಾರೆ. ಉಪ್ಪು ಇಟ್ಟವರ ಕರ್ತವ್ಯವನ್ನೂ ಬರೆದ ಹುಡುಗಿ ಒಬ್ಬಳಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.